ಎರಡನೇ ದಿನದ ಏರು, ತಡೆಹಿಡಿದ ನೀರು, ಕಪ್ಪು ಉಚ್ಚೆ

ಸರ್, ಮೊದಲು ಒಂದು ಮಾತು: ಕುದುರೆಯನ್ನು ನಡೆಸಬೇಡಿ. ರೈಡಿನ ಎರಡನೇ ದಿನ ಏರು ಹತ್ತಿದ ಮೇಲೆ ಹಿಂಗಾಲು ಬಿಗಿದಿದೆ, ಉಚ್ಚೆ ಡಿಕಾಕ್ಷನ್ ಬಣ್ಣಕ್ಕೆ ಬಂದಿದೆ, ನಡೆಸಿ ಸಡಿಲ ಮಾಡೋಣವೇ ಅಂತ ಈ ಗುಂಪಿನಲ್ಲಿ ಕೇಳಿದ್ದೀರಿ. ಅದು ಸುಸ್ತಲ್ಲ, ಟೈಯಿಂಗ್ ಅಪ್. ಮಾಂಸಖಂಡ ಒಡೆದು ಅದರ ಬಣ್ಣ ಉಚ್ಚೆಯಲ್ಲಿ ಬರುತ್ತಿದೆ. ಒಂದೊಂದು ಹೆಜ್ಜೆಗೂ ಇನ್ನಷ್ಟು ಒಡೆಯುತ್ತದೆ, ಪೆಟ್ಟು ಬೀಳುವುದು ಕಿಡ್ನಿಗೆ. ನಿಂತಲ್ಲೇ ನಿಲ್ಲಿಸಿ, ಸೊಂಟದ ಮೇಲೆ ಕಂಬಳಿ ಹಾಕಿ, ನೀರು ಮುಂದಿಡಿ, ಡಾಕ್ಟರನ್ನು ಅಲ್ಲಿಗೇ ಕರೆಸಿ. ಉಚ್ಚೆಯನ್ನು ಒಂದು ಬಾಟಲಿಯಲ್ಲಿ ಹಿಡಿದಿಡಿ. ಮಾಂಸಖಂಡ ಎಷ್ಟು ಒಡೆದಿದೆ ಅಂತ ತಿಳಿಯಲು ರಕ್ತದಲ್ಲಿ ಸಿಕೆ, ಎಎಸ್‌ಟಿ ನೋಡಲು ಹೇಳಿ.

ಕೆಳಗಿನ ಕಾಮೆಂಟಿನಲ್ಲಿ ಯಾರೋ ಬ್ಯೂಟ್ (ಕುದುರೆಗೆ ಕೊಡುವ ನೋವಿನ ಔಷಧಿ) ಕೊಡಿ, ನೋವು ಇಳಿಯುತ್ತದೆ ಅಂದಿದ್ದಾರೆ. ದಯವಿಟ್ಟು ಬೇಡ. ನೀರು ಬತ್ತಿದ ಮೈಗೆ ಬ್ಯೂಟ್ ಆಗಲಿ, ಅದೇ ಜಾತಿಯ ಫ್ಲುನಿಕ್ಸಿನ್ ಆಗಲಿ, ಕಿಡ್ನಿಗೆ ಇನ್ನೊಂದು ಹೊಡೆತ. ಮೊದಲು ಡ್ರಿಪ್ ಹೋಗಲಿ, ಆಮೇಲಿನದ್ದು ಡಾಕ್ಟರ್ ನಿರ್ಧಾರ. ದನಕ್ಕೆ ತಂದು ಉಳಿದ ಹಳೇ ಡೈಕ್ಲೋಫೆನಾಕ್ ಶೀಶೆ ಕೊಟ್ಟಿಗೆಯಲ್ಲಿದ್ದರೆ ಮುಟ್ಟಲೇಬೇಡಿ, ಪ್ರಾಣಿಗಳಿಗೆ ಅದು 2006ರಲ್ಲೇ ನಿಷೇಧವಾಗಿದೆ.

ಈಗ ಎಡವಿದ್ದು ಎಲ್ಲಿ ಅಂತ. ನೀವು ಹೇಳಿದ ದಾರಿ ಹಾಸನದಿಂದ ಬೇಲೂರು, ಮರುದಿನ ಚಿಕ್ಕಮಗಳೂರು ದಾಟಿ ಕೈಮರದಿಂದ ಬಾಬಾಬುಡನ್ ಗಿರಿಯ ಅತ್ತಿಗುಂಡಿಗೆ ಏರು. ಬೆವತು ಬಂದ ಕುದುರೆಗೆ ಮೈ ತಣಿಯಲಿ ಅಂತ ಒಂದು ಗಂಟೆ ನೀರು ಕೊಟ್ಟಿಲ್ಲ. ಬಿಸಿ ಮೈಗೆ ನೀರು ಕೊಟ್ಟರೆ ಶೂಲೆ ಬರುತ್ತದೆ ಅನ್ನುವ ಮಾತು ನಮ್ಮ ಕಡೆ ಇನ್ನೂ ಬಿಟ್ಟು ಹೋಗಿಲ್ಲ, ಇದೇ ಗುಂಪಿನಲ್ಲಿ ಎಷ್ಟು ಸಲ ಬರೆದರೂ. ಕುದುರೆಯ ಬೆವರಿನಲ್ಲಿ ನೀರಿನ ಜೊತೆಗೇ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಧಾರಾಳವಾಗಿ ಹೋಗುತ್ತವೆ. ನಮ್ಮ ಬೆವರು ತೆಳು, ಹಾಗಾಗಿ ನಮಗೆ ರಕ್ತ ಗಟ್ಟಿಯಾಗಿ ಬಾಯಾರುತ್ತದೆ. ಕುದುರೆಗೆ ನೀರೂ ಉಪ್ಪೂ ಒಟ್ಟಿಗೆ ಹೋಗುವುದರಿಂದ ಬಾಯಾರಿಕೆಯ ಸೂಚನೆಯೇ ಸರಿಯಾಗಿ ಹುಟ್ಟುವುದಿಲ್ಲ. ನಿಂತ ತಕ್ಷಣ ಕುಡಿಯುವ ಆಸೆ ಇರುತ್ತದೆ, ಅದನ್ನು ತಪ್ಪಿಸಿದರೆ ಆಮೇಲೆ ಮೂಸಿ ಬಿಡುತ್ತದೆ. 400 ಕಿಲೋ ಕುದುರೆ ಶೇ. 5 ಬತ್ತಿದೆ ಅಂದರೆ 20 ಲೀಟರ್ ಖೋತಾ.

ನಾನು ಎಲ್ಲರಿಗೂ ಹೇಳುವುದು ಎರಡು ಬಕೆಟ್ ಪದ್ಧತಿ. ಒಂದರಲ್ಲಿ 10 ಲೀಟರ್ ನೀರಿಗೆ 90 ಗ್ರಾಂ ಪುಡಿ ಉಪ್ಪು, ಅಂದರೆ ಶೇ. 0.9. ಇನ್ನೊಂದರಲ್ಲಿ ಬರೀ ನೀರು. ಉಪ್ಪಿನದ್ದನ್ನು ಮೊದಲು ಮುಂದಿಡಿ, ಅದು ಬಾಯಾರಿಕೆಯನ್ನು ಉಳಿಸುತ್ತದೆ, ಆಮೇಲೆ ಬರೀ ನೀರನ್ನೂ ಎಳೆದು ಕುಡಿಯುತ್ತದೆ. ಉಪ್ಪಿನ ಬಕೆಟ್ ಒಂದನ್ನೇ ಎಂದೂ ಇಡಬಾರದು. ರೈಡಿನ ದಿನ ಹೊಸದಾಗಿ ತೋರಿಸಿದರೆ ಮೂತಿ ತಿರುಗಿಸುತ್ತದೆ, ಮನೆಯಲ್ಲೇ ಎರಡು ವಾರ ಮುಂಚೆ ಅಭ್ಯಾಸ ಮಾಡಿಸಿ, ಒಂದು ಸೌಟು ಜೋನಿ ಬೆಲ್ಲ ಕದಡಿದರೂ ಸರಿ. ತೂಕ ಮಾಡಿಯೇ ಹಾಕಿ, ಹಿಡಿ ಲೆಕ್ಕ ಬೇಡ.

ಎಲೆಕ್ಟ್ರಾಲ್ ಮನುಷ್ಯರಿಗೆ ಒಳ್ಳೆಯದು. ಆದರೆ ಅಂಥ ಓಆರ್‌ಎಸ್ ಪೊಟ್ಟಣ ಒಂದು ಲೀಟರಿಗೆ ಮಾಡಿದ್ದು, ಅರ್ಧಕ್ಕಿಂತ ಹೆಚ್ಚು ಗ್ಲೂಕೋಸ್, ಉಪ್ಪು 2.6 ಗ್ರಾಂ ಮಾತ್ರ. ಎರಡು ಪೊಟ್ಟಣ ಕುದುರೆಗೆ ಯಾವ ಮೂಲೆಗೂ ಸಾಲದು. ಕರುವಿನ ಭೇದಿ ಪುಡಿಯಲ್ಲಿ ಸಾಮಾನ್ಯವಾಗಿ ಅಡುಗೆ ಸೋಡಾ ಇರುತ್ತದೆ. ದೂರ ಓಡಿದ ಕುದುರೆಗೆ ಕ್ಲೋರೈಡ್ ಹೋಗಿ ರಕ್ತ ಆಗಲೇ ಕ್ಷಾರದ ಕಡೆ ವಾಲಿರುತ್ತದೆ, ಅದಕ್ಕೆ ಸೋಡಾ ಸೇರಿಸುವುದು ತಪ್ಪು. ಎರಡು ಪಾಲು ಉಪ್ಪು, ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಸಾಕು, ಪ್ರತಿ ನಿಲುಗಡೆಯಲ್ಲಿ 50–60 ಗ್ರಾಂ, ಒದ್ದೆ ಬೂಸಾದಲ್ಲಿ ಕಲಸಿ, ಅದೂ ನೀರು ಕುಡಿದ ಮೇಲೆ. ನೀರು ಬತ್ತಿದ ಮೈಗೆ ಇದನ್ನು ಬಾಯಲ್ಲಿ ತುರುಕಿದರೆ ಅದು ರಕ್ತದ ನೀರನ್ನೇ ಕರುಳಿಗೆ ಎಳೆಯುತ್ತದೆ. ತೋಟದಲ್ಲಿ ಎಂಓಪಿ (ಪೊಟ್ಯಾಷ್ ಗೊಬ್ಬರ) ಚೀಲ ಇದೆ, ಅದೂ ಅದೇ ತಾನೇ ಅನ್ನಬೇಡಿ. ಗೊಬ್ಬರದ ದರ್ಜೆಯದ್ದು ಹೊಟ್ಟೆಗಲ್ಲ.

ರೈಡಿನಲ್ಲಿ ಮೈ ಬಿಸಿಯಾದ ಕುದುರೆಗೆ ತಣ್ಣೀರು ಸುರಿಯಲು ಹೆದರಬೇಡಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮುಂಚೆ ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ, ಸ್ನಾಯು ಬಿಗಿಯುವುದಿಲ್ಲ. ಜೀನು ಇಳಿಸಿ ಎರಡೂ ಕಡೆ ನಿಲ್ಲಿಸದೆ ಸುರಿಯುತ್ತಿರಿ. ಒದ್ದೆ ಗೋಣಿ ಹೊದಿಸಬೇಡಿ, ಶಾಖ ಒಳಗೇ ನಿಲ್ಲುತ್ತದೆ. ಆದರೆ ಗಿರಿಯ ಮೇಲೆ ಸಂಜೆ ಮಂಜಿನ ಗಾಳಿ ಬೀಸುವಾಗ ಲೆಕ್ಕ ಬೇರೆ: ಮೈ ತಣಿದ ಕೂಡಲೇ ನಿಲ್ಲಿಸಿ, ಒರೆಸಿ, ಸೊಂಟ ಮುಚ್ಚಿ.

ಸ್ಟೆತಸ್ಕೋಪ್ ಇಲ್ಲದೆ ಇಂಥ ರೈಡಿಗೆ ಹೊರಡುವುದೇ ತಪ್ಪು. ಕುದುರೆಯ ಎಡ ಮೊಣಕೈ ಹಿಂದೆ ಇಟ್ಟು 15 ಸೆಕೆಂಡ್ ಎದೆಬಡಿತ ಎಣಿಸಿ. 16 ಬಂದರೆ ನಿಮಿಷಕ್ಕೆ 64. ಅರ್ಧ ಗಂಟೆಯಲ್ಲಿ ಅದಕ್ಕಿಂತ ಕೆಳಗಿಳಿಯದಿದ್ದರೆ ಆ ದಿನ ಮುಗಿಯಿತು. ಇಳಿದಿದ್ದರೂ 40 ಮೀಟರ್ ದುಡಿಕಿಯಲ್ಲಿ (ಟ್ರಾಟ್) ಹೋಗಿ ಬಂದು, ಹೊರಟ ಗಳಿಗೆಯಿಂದ ಒಂದು ನಿಮಿಷಕ್ಕೆ ಮತ್ತೆ ಎಣಿಸಿ. ಮೊದಲಿಗಿಂತ 4ಕ್ಕೂ ಹೆಚ್ಚು ಏರಿದ್ದರೆ ಎಲ್ಲೋ ನೋವಿದೆ ಅಥವಾ ದಣಿವು ಇಳಿದಿಲ್ಲ. ಹೊಟ್ಟೆಯ ಎರಡೂ ಪಕ್ಕ ಕಿವಿಗೊಡಿ, ಗುಡುಗುಡು ಕೇಳದಿದ್ದರೆ ಕಾಳು ಕೊಡುವ ಹಾಗಿಲ್ಲ.

ದಣಿದ ಕುದುರೆಗೆ ದುಪ್ಪಟ್ಟು ಹುರುಳಿ ಅಂತ ನೀವು ಬರೆದ ಸಾಲು ಓದಿ ನಿಜಕ್ಕೂ ಸಂಕಟವಾಯಿತು. ದಣಿದ ರಾತ್ರಿ ಹುಲ್ಲು ಮೊದಲು, ಬೇಕಾದಷ್ಟು. ಬೇಯಿಸಿದ ಹುರುಳಿ ದಿನದ ಅರ್ಧ ಅಳತೆ, ಅದೂ ಕುಡಿದು, ಉಚ್ಚೆ ಹೊಯ್ದು, ಹುಲ್ಲು ತಿಂದ ಮೇಲೆ. ಈಗಂತೂ ಡಾಕ್ಟರ್ ಹೇಳುವವರೆಗೆ ಕಾಳು ಪೂರ್ತಿ ಬಂದ್. ದಾರಿಯ ತೋಟದ ಮನೆಗಳಲ್ಲಿ ಫೀಡ್ ಕೇಳಿ ಪಡೆಯುವವರಿಗೂ ಒಂದು ಮಾತು: ಕೋಳಿ ಫೀಡಿನಲ್ಲಿ ಮೊನೆನ್ಸಿನ್, ಸಲಿನೋಮೈಸಿನ್ ಅನ್ನುವ ಔಷಧಿಗಳು ಇರಬಹುದು, ಕುದುರೆಯ ಹೃದಯಕ್ಕೆ ಅವು ವಿಷ. ಚೀಲದ ಚೀಟಿ ಓದದೆ ಒಂದು ಹಿಡಿಯೂ ಹಾಕಬೇಡಿ.

ಮೂರನೇ ದಿನದ ರೈಡ್ ರದ್ದು ಮಾಡಿ. ಕೆಳಗೆ ಇಳಿಸಲು ಗಾಡಿ ಹೇಳಿದ್ದರೂ ಡ್ರಿಪ್ ಮುಗಿದು, ಉಚ್ಚೆ ತಿಳಿಯಾಗಿ, ಡಾಕ್ಟರ್ ಸರಿ ಅಂದ ಮೇಲೆ ಹತ್ತಿಸಿ. ನೆಲಕ್ಕೆ ಜಾರದ ರಬ್ಬರ್ ಮ್ಯಾಟ್, ಅದರ ಮೇಲೆ ಹುಲ್ಲು. ತಿರುವಿನಲ್ಲಿ ಓಲಾಡದ ಹಾಗೆ ನಿಧಾನ ಹೋಗಲು ಡ್ರೈವರ್‌ಗೆ ಮೊದಲೇ ಹೇಳಿ. ಡಾಕ್ಟರ್ ಬಂದು ಹೋದ ಮೇಲೆ ಉಚ್ಚೆಯ ಬಣ್ಣ, ಸಿಕೆ ಎಷ್ಟು ಬಂತು ಅಂತ ಇಲ್ಲೇ ಹಾಕಿ.