ಹೆರಾಯಿನ್ ಬಿಟ್ಟ ಮೇಲಿನ ಮಂಕು: ಖಿನ್ನತೆಯ ಮಾತ್ರೆ ಈಗಲೇ ಬೇಕೇ?

ನನ್ನ ತಮ್ಮ ಹೆರಾಯಿನ್ ಬಿಟ್ಟು ಹದಿನೈದು ದಿನವಾಯಿತು, ಮೈಕೈ ನೋವು ಹೋಗಿದೆ, ಆದರೂ ಮಂಕಾಗಿ ಮಲಗಿರುತ್ತಾನೆ, ಖಿನ್ನತೆಯ ಮಾತ್ರೆ ಕೊಡಿಸಲೇ ಎಂದು ಕೇಳಿದ್ದೀರಿ. ಬರೀ ಆ ಮಾತ್ರೆಯಿಂದ ಕೆಲಸವಾಗದು. ಚಟಕ್ಕೆ ಔಷಧಿ ಮೊದಲು ಬೇಕು.

ಹೆರಾಯಿನ್ ದೇಹದಲ್ಲಿ ಮಾರ್ಫಿನ್ ಆಗಿ ನೋವು, ದಿಗಿಲು, ಬೇಸರ ಮೂರನ್ನೂ ಒಟ್ಟಿಗೆ ಅಡಗಿಸುತ್ತದೆ. ತಿಂಗಳುಗಟ್ಟಲೆ ಹೀಗಾದಾಗ ಮೆದುಳು ತಿರುಗಿ ಒತ್ತುತ್ತದೆ: ಡೈನಾರ್ಫಿನ್ ಎಂಬ ರಾಸಾಯನಿಕ ಹೆಚ್ಚಿ ಮನಸ್ಸನ್ನು ಕುಗ್ಗಿಸುತ್ತದೆ. ಹೆರಾಯಿನ್ ನಿಂತರೂ ಈ ಒತ್ತಡ ಕೂಡಲೇ ನಿಲ್ಲದು. ಕೊನೆಯ ಡೋಸ್ ಆಗಿ 8–12 ಗಂಟೆಗೆ ಆಕಳಿಕೆ, ಮೂಗು ಸೋರುವುದು ಶುರು. ಎರಡು-ಮೂರನೇ ದಿನ ಜೋರು. ವಾರ, ಹತ್ತು ದಿನಕ್ಕೆ ದೇಹದ ಕಾಟ ಇಳಿಯುತ್ತದೆ. ನಿದ್ದೆಗೇಡು ಮತ್ತು ಯಾವುದೂ ಬೇಡವೆನಿಸುವುದು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಮನೆಯವರು ಸೋಮಾರಿತನ ಎಂದು ಬೈಯುವುದು ಇದನ್ನೇ. ಮತ್ತೆ ಹೆರಾಯಿನ್ ಹಿಡಿಯುವವರಲ್ಲಿ ಎಷ್ಟೋ ಜನ ಮಜಾಕ್ಕಲ್ಲ, ಈ ಮಂಕು ಕಳೆಯಲೆಂದೇ ಹಿಡಿಯುತ್ತಾರೆ.

ಚಟಕ್ಕೆ ಮುಂಚೆಯೇ ಎರಡು ವಾರಕ್ಕೂ ಹೆಚ್ಚು ಹೀಗೆ ಕುಗ್ಗಿದ್ದನೇ? ನಡುವೆ ಹೆರಾಯಿನ್ ಬಿಟ್ಟಿದ್ದ ತಿಂಗಳುಗಳಲ್ಲೂ ಕುಗ್ಗಿದ್ದನೇ? ಮನೆತನದಲ್ಲಿ ಯಾರಿಗಾದರೂ ಖಿನ್ನತೆ ಇತ್ತೇ? ಇದನ್ನು ಬರೆದುಕೊಂಡು ಹೋಗಿ. ಹೌದೆಂದಾದರೆ ವೈದ್ಯರು ಖಿನ್ನತೆಯ ಮಾತ್ರೆಯನ್ನೂ ಬೇಗ ಶುರು ಮಾಡಬಹುದು. ಇಲ್ಲವಾದರೆ ಸುಮಾರು ಒಂದು ತಿಂಗಳು ನೋಡುವುದು ರೂಢಿ. ಮಾತ್ರೆ ಕೆಲಸ ತೋರಿಸಲು 2–4 ವಾರ ಬೇಕು, ಐದನೇ ದಿನ "ಏನೂ ಆಗ್ಲಿಲ್ಲ" ಎಂದು ನಿಲ್ಲಿಸಬಾರದು.

ಚಟಕ್ಕೆ ಕೊಡುವುದು ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಎಂಬ ಮಾತ್ರೆ. ಸೆಳೆತ ತಗ್ಗುತ್ತದೆ, ಅನೇಕರ ಮನಸ್ಸೂ ಮೊದಲ ಕೆಲವು ವಾರಗಳಲ್ಲೇ ತಿಳಿಯಾಗುತ್ತದೆ. ಅವನು ಕದ್ದು ಹೆರಾಯಿನ್ ತೆಗೆದುಕೊಂಡಿದ್ದರೆ ವೈದ್ಯರಿಗೆ ಹೇಳಲೇಬೇಕು. ಹೆರಾಯಿನ್ ಇನ್ನೂ ಮೈಯಲ್ಲಿದ್ದಾಗ ಈ ಮಾತ್ರೆ ಅದನ್ನು ಒದ್ದೋಡಿಸಿ, ವಾಂತಿ, ಭೇದಿ, ನಡುಕ ಒಮ್ಮೆಗೇ ತರಿಸುತ್ತದೆ.

ಹದಿನೈದು ದಿನದಲ್ಲಿ ದೇಹದ ತಡೆದುಕೊಳ್ಳುವ ಶಕ್ತಿ ಇಳಿದಿರುತ್ತದೆ. ಹಳೆಯ ಅಳತೆಯನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಜೊತೆಗೆ ಮದ್ಯ ಅಥವಾ ಅಲ್‌ಪ್ರಜೋಲಾಮ್‌ನಂಥ ನಿದ್ದೆಮಾತ್ರೆ ಸೇರಿದರೆ ಇನ್ನೂ ಅಪಾಯ. ತುಟಿ ನೀಲಿ, ಪಾಪೆ ಸೂಜಿಮೊನೆಯಷ್ಟು, ಗೊರಗೊರ ಉಸಿರು ಕಂಡರೆ ಕೂಡಲೇ 108ಕ್ಕೆ ಕರೆ ಮಾಡಿ, ಹೆರಾಯಿನ್ ಪರಿಣಾಮ ತಡೆಯುವ ನಾಲೋಕ್ಸೋನ್ ಇಂಜೆಕ್ಷನ್ ಬೇಕಾದೀತು ಎಂದೂ ತಿಳಿಸಿ.

ಸಾಯುವ ಮಾತಾಡಿದರೆ ತಿಂಗಳ ಲೆಕ್ಕ ಬಿಡಿ, ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿಗೆ ಹತ್ತಿರವಿದ್ದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗದಲ್ಲಿ ಚಟ, ಖಿನ್ನತೆ ಎರಡನ್ನೂ ಒಟ್ಟಿಗೆ ನೋಡುತ್ತಾರೆ.