ಚಿಕ್ಕಂದಿನ ಧಾರಾವಾಹಿಯ ರಾಗ ಕೇಳಿದರೆ ಈಗಲೂ ಕಣ್ಣು ತುಂಬುವುದೇಕೆ?

ತೆರೆಯ ಮೇಲಿನವರನ್ನು ಪದೇ ಪದೇ ನೋಡುತ್ತಿದ್ದರೆ ಅವರು ಪರಿಚಯದವರೇ ಅನಿಸಿಬಿಡುತ್ತಾರೆ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಂಶೋಧಕರು 1956ರಲ್ಲೇ ಇದರ ಬಗ್ಗೆ ಬರೆದರು. ಈಗ ಇದಕ್ಕೆ ಪ್ಯಾರಾಸೋಶಿಯಲ್ ಸಂಬಂಧ ಅನ್ನುತ್ತಾರೆ. ನಮಗೆ ಅವರು ಗೊತ್ತು, ಅವರಿಗೆ ನಾವು ಗೊತ್ತಿಲ್ಲ, ಅಷ್ಟೇ.

ವಯಸ್ಸಿನ ಪಾತ್ರವೂ ಇದೆ. ಸುಮಾರು 10ರಿಂದ 30 ವರ್ಷದ ನಡುವಿನ ನೆನಪುಗಳು ಉಳಿದವಕ್ಕಿಂತ ಜಾಸ್ತಿ ಗಟ್ಟಿಯಾಗಿ ನಿಲ್ಲುತ್ತವೆ.

ಆದರೆ ಬೆಂಗಳೂರಿನಲ್ಲಿ ಬೆಳೆದವರಿಗೆ ನನ್ನ ಪ್ರಕಾರ ಮುಖ್ಯ ಕಾರಣ ಬೇರೆ. ಶಂಕರ್ ನಾಗ್ ನಿರ್ದೇಶನದ 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬಂದಾಗ ಚಾನೆಲ್ ಬದಲಾಯಿಸುವ ಮಾತೇ ಇರಲಿಲ್ಲ. ಜಯನಗರದಲ್ಲೂ ಮಲ್ಲೇಶ್ವರದಲ್ಲೂ ಒಂದೇ ಹೊತ್ತಿಗೆ ಅದೇ ಕಂತು. ಟಿವಿ ಇದ್ದ ಮನೆಗೆ ಅಕ್ಕಪಕ್ಕದವರೂ ಬಂದು ಕೂರುತ್ತಿದ್ದ ಕಾಲ. ಮಾತು ಹಿಂದಿಯಾದರೂ ಊರು ಆಗುಂಬೆ. ಹುಡುಗ ಸ್ವಾಮಿಯ ಪಾತ್ರದ ಮಾಸ್ಟರ್ ಮಂಜುನಾಥ್, ಗಿರೀಶ್ ಕಾರ್ನಾಡ್, ಎಲ್ಲ ನಮ್ಮವರೇ ಅಲ್ವಾ? ಎಲ್. ವೈದ್ಯನಾಥನ್ ಅವರ ಆ 'ತಾನಾನಾ' ಕೇಳಿದರೆ ಸ್ವಾಮಿಯ ಜೊತೆಗೆ ಅಜ್ಜಿ, ಪಕ್ಕದ ಮನೆಯವರು, ಎಲ್ಲರೂ ಒಟ್ಟಿಗೆ ನೆನಪಾಗುತ್ತಾರೆ. ಕಣ್ಣು ತುಂಬುವುದು ಅರ್ಧ ಅವರಿಗಾಗಿ. 1998ರ 'ಮಾಯಾಮೃಗ' ಧಾರಾವಾಹಿ ನೋಡಿ ಬೆಳೆದವರಿಗೂ ಹೀಗೇ ಆಗುತ್ತದೆ.

ಈಗ ಮತ್ತೆ ನೋಡಿದರೆ ಕಥೆ ನಿಧಾನ ಅನಿಸಬಹುದು. ಒಬ್ಬರೇ ಕೂತು ಸುಮ್ನೆ ಎಲ್ಲ ಕಂತು ಮುಗಿಸುವ ಬದಲು, ಆಗ ಜೊತೆಗೆ ನೋಡಿದ ಅಕ್ಕನನ್ನೋ ತಮ್ಮನನ್ನೋ ಕರೆದು ಒಂದೆರಡು ಕಂತು ನೋಡಿ.