ಅಕ್ವಿನಾಸರ ಹಬ್ಬ ಮಾರ್ಚಿನಿಂದ ಜನವರಿಗೆ ಬಂದದ್ದು ಹೇಗೆ?

ಪ್ರಶ್ನೆ: ಗುರುಗಳೇ, ಜ್ಞಾನಸ್ನಾನದಲ್ಲಿ ನನಗಿಟ್ಟ ಹೆಸರು ಸಂತ ತೋಮಸ್ ಅಕ್ವಿನಾಸರದು. ಅಜ್ಜಿಯ ಹಳೆಯ ಪ್ರಾರ್ಥನೆ ಪುಸ್ತಕದಲ್ಲಿ ಅವರ ಹಬ್ಬ ಮಾರ್ಚ್ 7 ಎಂದಿದೆ. ಈಗಿನ ಪಂಚಾಂಗದಲ್ಲಿ ಜನವರಿ 28. ಯಾವುದು ಸರಿ? ಸಂತರ ಹಬ್ಬವನ್ನು ಹೀಗೆ ಎತ್ತಿ ಬೇರೆ ಕಡೆ ಇಡಬಹುದೇ?

ಉತ್ತರ: ಅಜ್ಜಿಯ ಪುಸ್ತಕ ಸುಳ್ಳು ಹೇಳುತ್ತಿಲ್ಲ, ಜೋಪಾನವಾಗಿ ಇಟ್ಟುಕೊಳ್ಳಿ. ಸಂತರ ಹಬ್ಬ ಬರುವುದು ಸಾಮಾನ್ಯವಾಗಿ ಅವರು ತೀರಿಕೊಂಡ ದಿನ. ನಾವು ಸಾವೆಂದು ಕರೆಯುವುದನ್ನು ಧರ್ಮಸಭೆ ಸ್ವರ್ಗದಲ್ಲಿ ಹುಟ್ಟಿದ ದಿನವೆಂದು ಎಣಿಸುತ್ತದೆ. ಈ ಲೋಕದಲ್ಲಿ ಹುಟ್ಟಿದ ದಿನವನ್ನು ಪಂಚಾಂಗದಲ್ಲಿ ಆಚರಿಸುವುದು ಮೂವರದ್ದು ಮಾತ್ರ: ಯೇಸುಸ್ವಾಮಿ, ಮಾತೆ ಮರಿಯಮ್ಮ (ಸೆಪ್ಟೆಂಬರ್ 8), ಸ್ನಾನಿಕ ಯೊವಾನ್ನ (ಜೂನ್ 24). ಅಕ್ವಿನಾಸರು ತೀರಿಕೊಂಡದ್ದು 1274ರ ಮಾರ್ಚ್ 7ರಂದು. ಹಾಗಾಗಿ ಹಳೆಯ ತಾರೀಖು.

ತೊಡಕು ಏನೆಂದರೆ, ಮಾರ್ಚ್ 7 ಹೆಚ್ಚುಕಡಿಮೆ ಪ್ರತಿ ವರ್ಷವೂ ತಪಸ್ಸುಕಾಲದೊಳಗೆ, ಅಂದರೆ ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ಸುಮಾರು ನಲವತ್ತು ದಿನಗಳ ಉಪವಾಸ, ಪ್ರಾರ್ಥನೆಯ ಕಾಲದೊಳಗೆ ಬೀಳುತ್ತದೆ. ಹಿಂದೆ ಸಂತರ ಹಬ್ಬಗಳು ಒಂದರ ಹಿಂದೊಂದು ಬಂದು ತಪಸ್ಸುಕಾಲದ ದಿನಗಳನ್ನೇ ನುಂಗಿಬಿಡುತ್ತಿದ್ದವು. ಕ್ರಿಸ್ತನ ರಹಸ್ಯಗಳನ್ನು ಧ್ಯಾನಿಸುವ ಕಾಲಗಳಿಗೇ ಮೊದಲ ಮಣೆ ಸಿಗಬೇಕು ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲಿ ತೀರ್ಮಾನಿಸಿತು. 1969ರಲ್ಲಿ ಪೋಪ್ ಆರನೇ ಪೌಲರು ಪಂಚಾಂಗವನ್ನು ಪರಿಷ್ಕರಿಸಿದರು, ಮರುವರ್ಷದಿಂದ ಅದು ಜಾರಿಗೆ ಬಂತು. ಆಗ ಹೊರಟವರಲ್ಲಿ ನಿಮ್ಮ ಪಾಲಕ ಸಂತರೂ ಒಬ್ಬರು. ಅವರ ಅಸ್ಥಿಗಳನ್ನು 1369ರ ಜನವರಿ 28ರಂದು ಫ್ರಾನ್ಸಿನ ತುಲೂಸ್ ಪಟ್ಟಣಕ್ಕೆ ತಂದಿದ್ದರು. ಆ ದಿನವೇ ಹಬ್ಬವಾಯಿತು. ಸಂತ ಬೆನೆಡಿಕ್ಟರು ಮಾರ್ಚ್ 21ರಿಂದ ಜುಲೈ 11ಕ್ಕೆ ಹೋದರು. ಮಹಾ ಗ್ರೆಗೊರಿಯವರು ಮಾರ್ಚ್ 12ರಿಂದ ಸೆಪ್ಟೆಂಬರ್ 3ಕ್ಕೆ, ಅಂದರೆ 590ರಲ್ಲಿ ಅವರಿಗೆ ಧರ್ಮಾಧ್ಯಕ್ಷ ದೀಕ್ಷೆಯಾದ ದಿನಕ್ಕೆ ಬಂದರು. ಕ್ರಿಸ್ಮಸ್ಸಿಗೆ ಸಿದ್ಧವಾಗುವ ಆಗಮನ ಕಾಲದ ಕೊನೆಯಲ್ಲಿ, ಡಿಸೆಂಬರ್ 21ರಂದು ಇದ್ದ ಪ್ರೇಷಿತ ತೋಮರ ಹಬ್ಬ ಜುಲೈ 3ಕ್ಕೆ ಸರಿಯಿತು.

ಇಷ್ಟಾದರೂ ಮಾರ್ಚ್ 7 ಖಾಲಿಯಾಗಲಿಲ್ಲ. 203ರಲ್ಲಿ ಕಾರ್ತೇಜಿನಲ್ಲಿ ಪ್ರಾಣಕೊಟ್ಟ ಪೆರ್ಪೆತುವಾ ಮತ್ತು ಫೆಲಿಸಿತಾಸ್ ಈಗ ಆ ದಿನದ ಸಂತರು. ಒಬ್ಬಾಕೆ ಹಾಲೂಡುವ ಕೂಸಿದ್ದ ತಾಯಿ, ಇನ್ನೊಬ್ಬಾಕೆ ಸೆರೆಮನೆಯಲ್ಲೇ ಹೆತ್ತ ದಾಸಿ. ಇಂಥವರ ದಿನವೂ ತಪಸ್ಸುಕಾಲದಲ್ಲಿ ಬಂದಾಗ ಪೂಜೆಗೆ ನೇರಳೆ ವಸ್ತ್ರವೇ. ಗುರುಗಳು ಬಯಸಿದರೆ ಆರಂಭದ ಪ್ರಾರ್ಥನೆಯೊಂದನ್ನು ಅವರ ಹೆಸರಿನಲ್ಲಿ ಹೇಳಬಹುದು, ಅಷ್ಟೆ. ಅವರಿಗೆ ಇನ್ನಷ್ಟು ಜಾಗ ಸಿಗಬೇಕಿತ್ತು ಎಂದು ನನಗೆ ಪ್ರತಿ ವರ್ಷ ಅನ್ನಿಸುತ್ತದೆ. ಆದರೂ ಈ ನಿಯಮವನ್ನು ಬದಲಿಸಿ ಎನ್ನಲು ಮನಸ್ಸು ಬರುವುದಿಲ್ಲ.

ನೀವು ಮನೆಯಲ್ಲಿ ಮಾರ್ಚ್ 7ರಂದೂ ನಿಮ್ಮ ಸಂತರನ್ನು ನೆನೆದರೆ ತಪ್ಪೇನೂ ಇಲ್ಲ. ಪಂಚಾಂಗ ಕಟ್ಟುಹಾಕುವುದು ಬಲಿಪೂಜೆಗೇ ಹೊರತು ನಿಮ್ಮ ಪ್ರಾರ್ಥನೆಗಲ್ಲ.

ಪ್ರಶ್ನೆ: ಮಾರ್ಚ್ 10ರಿಂದ 18ರವರೆಗೆ ಸಂತ ಜೋಸೆಫರ ನವೇನ (ಒಂಬತ್ತು ದಿನಗಳ ಪ್ರಾರ್ಥನೆ) ಮಾಡುವುದು ನಮ್ಮ ರೂಢಿ. ಆದರೆ 2023ರಲ್ಲಿ ಹಬ್ಬವನ್ನು 19ರ ಬದಲು 20ಕ್ಕೆ ಆಚರಿಸಿದರು. ನಮ್ಮ ನವೇನ ಒಂದು ದಿನ ಮೊದಲೇ ಮುಗಿದಂತಾಯಿತಲ್ಲ?

ಉತ್ತರ: ಆ ವರ್ಷ ಮಾರ್ಚ್ 19 ತಪಸ್ಸುಕಾಲದ ಭಾನುವಾರವಾಗಿತ್ತು. ಆಗಮನ, ತಪಸ್ಸು, ಪಾಸ್ಕ ಈ ಮೂರು ಕಾಲಗಳ ಭಾನುವಾರದ ಮುಂದೆ ಯಾವ ಮಹೋತ್ಸವವೂ ನಿಲ್ಲುವುದಿಲ್ಲ. ಜೋಸೆಫರು ಸೋಮವಾರದವರೆಗೆ ಕಾದರು. 2008ರಲ್ಲಂತೂ ಅವರ ದಿನ ಪಾಸ್ಕಕ್ಕೆ ಮುಂಚಿನ ಪವಿತ್ರ ವಾರದ ಬುಧವಾರಕ್ಕೇ ಬಿತ್ತು. ಆಗ ಹಬ್ಬ ಹಿಂದಕ್ಕೆ ಬಂದು ಆ ವಾರ ಶುರುವಾಗುವ ಗರಿಗಳ ಭಾನುವಾರದ ಹಿಂದಿನ ಶನಿವಾರ, ಮಾರ್ಚ್ 15ರಂದೇ ನಡೆಯಿತು. ಯೇಸು ಹುಟ್ಟುವ ಸುದ್ದಿಯನ್ನು ದೇವದೂತ ಮರಿಯಮ್ಮನವರಿಗೆ ತಿಳಿಸಿದ್ದನ್ನು ನೆನೆಯುವ ಮಾರ್ಚ್ 25ರ ಮಂಗಳವಾರ್ತೆಯ ಹಬ್ಬ ಹೀಗೆ ಸಿಕ್ಕಿಕೊಂಡಾಗ ಮುಂದಕ್ಕೆ ಹೋಗುತ್ತದೆ. 2024ರಲ್ಲಿ ಪವಿತ್ರ ವಾರ, ಪಾಸ್ಕದ ಎಂಟು ದಿನ ಎಲ್ಲ ದಾಟಿ ಏಪ್ರಿಲ್ 8ಕ್ಕೆ ಅದರ ಸರದಿ ಬಂತು.

ನವೇನಕ್ಕೆ ಇಂಥ ಕಟ್ಟುನಿಟ್ಟು ಇಲ್ಲ. ಯೇಸುವಿನ ಸ್ವರ್ಗಾರೋಹಣದಿಂದ ಪವಿತ್ರಾತ್ಮರು ಇಳಿದುಬರುವವರೆಗೆ ಪ್ರೇಷಿತರು ಮರಿಯಮ್ಮನವರ ಜೊತೆ ಪ್ರಾರ್ಥಿಸುತ್ತ ಕಾದ ದಿನಗಳೇ ಇದಕ್ಕೆ ಮಾದರಿ. ಅವರು ತಾರೀಖು ನೋಡಿಕೊಂಡು ಕೂತಿರಲಿಲ್ಲ. ಹಬ್ಬ 20ಕ್ಕೆ ಬರುವ ವರ್ಷ 11ರಂದು ಶುರುಮಾಡಿ, ಹಬ್ಬದ ಹಿಂದಿನ ದಿನಕ್ಕೆ ಸರಿಯಾಗಿ ಮುಗಿಯುತ್ತದೆ. 10ರಂದೇ ಶುರುಮಾಡಿದ್ದರೂ ಮತ್ತೆ ಮಾಡಬೇಕಾಗಿಲ್ಲ.

ಪ್ರಶ್ನೆ: ಸಂತ ಕ್ರಿಸ್ಟೋಫರರನ್ನು ಸಂತರ ಪಟ್ಟಿಯಿಂದ ತೆಗೆದುಹಾಕಿದ್ದಾರೆ ಎನ್ನುತ್ತಾರೆ, ನಿಜವೇ?

ಉತ್ತರ: ಇಲ್ಲ. 1969ರಲ್ಲಿ ಅವರ ಹೆಸರನ್ನು ಬಿಟ್ಟದ್ದು ಇಡೀ ಧರ್ಮಸಭೆಗೆ ಅನ್ವಯಿಸುವ ಪಂಚಾಂಗದಿಂದ ಮಾತ್ರ. ರೋಮನ್ ರಕ್ತಸಾಕ್ಷಿಗಳ ಪಟ್ಟಿಯಲ್ಲಿ ಜುಲೈ 25ರಂದು ಅವರು ಇದ್ದೇ ಇದ್ದಾರೆ.

ಪ್ರಶ್ನೆ: ತಪಸ್ಸುಕಾಲದ ಕೊನೆಗೆ ಸ್ವರೂಪಗಳಿಗೆ (ಪ್ರತಿಮೆಗಳಿಗೆ) ನೇರಳೆ ಬಟ್ಟೆ ಹೊದಿಸುತ್ತಾರೆ. ಶಿಲುಬೆ ಹಾದಿಯ ಚಿತ್ರಗಳಿಗೆ ಮಾತ್ರ ಯಾಕಿಲ್ಲ?

ಉತ್ತರ: ಆ ಹದಿನಾಲ್ಕು ಚಿತ್ರಗಳ ಮುಂದೆ ನಿಂತು ಪ್ರಾರ್ಥಿಸುವ ಕಾಲವೇ ಅದಲ್ಲವೇ? ಮುಚ್ಚಿದರೆ ಏನನ್ನು ನೋಡಿ ಮೊಣಕಾಲೂರುತ್ತೀರಿ? ಹೊದಿಕೆ ಕಡ್ಡಾಯವೇನಲ್ಲ. ಧರ್ಮಾಧ್ಯಕ್ಷರ ಮಂಡಳಿ ಒಪ್ಪಿದ ಕಡೆ ಐದನೇ ಭಾನುವಾರದಿಂದ ಹಾಕಬಹುದು. ಶಿಲುಬೆಗಳ ಹೊದಿಕೆ ಶುಭ ಶುಕ್ರವಾರದ ಆರಾಧನೆ ಮುಗಿದಾಗ ಹೋಗುತ್ತದೆ. ಸಂತರ ಸ್ವರೂಪಗಳು ಇನ್ನೂ ಒಂದು ದಿನ ಮರೆಯಲ್ಲಿರುತ್ತವೆ. ಅವುಗಳನ್ನು ತೆರೆಯಲು ಯಾವ ವಿಧಿಯೂ ಇಲ್ಲ. ಪಾಸ್ಕ ಜಾಗರಣೆ ಶುರುವಾಗುವ ಮುಂಚೆ, ಜನ ಇನ್ನೂ ಬರುವಷ್ಟರಲ್ಲಿ, ಯಾರೋ ಏಣಿ ಹಾಕಿ ಬಟ್ಟೆ ಬಿಚ್ಚಿ ಮಡಚಿಟ್ಟಿರುತ್ತಾರೆ.